ಗಳಕ್ಕೊಂದು ಕವಚ



2026ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಸುದ್ದಿಯನ್ನು ನಿಮ್ಮಲ್ಲಿ ಕೆಲವರಾದರೂ ಓದಿರುತ್ತೀರಿ. ನಮ್ಮ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟವನ್ನು ಮುಗಿಸಿಕೊಂಡು ರೈಲಿನಲ್ಲಿ ಹಿಂದಿರುಗುತ್ತಿದ್ದ ಪೋಲ್ ವಾಲ್ಟ್ ಪಟುಗಳಾದ ದೇವ್ ಮೀನಾ ಮತ್ತು ಕುಲದೀಪ್ ಯಾದವ್ ಅವರನ್ನು ಪನ್ವೇಲ್ ನಿಲ್ದಾಣದಲ್ಲಿ ಕೆಳಗಿಳಿಸಿ ಗಂಟೆಗಟ್ಟಲೆ ಕಾಯಿಸಲಾಯಿತು. ಅವರ ಬಳಿ ಇದ್ದ ಉದ್ದನೆಯ ಕೋಲುಗಳೇ ಇದಕ್ಕೆ ಕಾರಣ. ಆ ಇಬ್ಬರಲ್ಲಿ ದೇವ್ ಮೀನಾ ಈ ಕ್ರೀಡೆಯಲ್ಲಿ ದೇಶದ ದಾಖಲೆಯನ್ನೇ ಬರೆದವರು. ಕೋಲನ್ನು ನೆಲಕ್ಕೆ ಊರಿ ಐದು ಮೀಟರಿಗೂ ಮೇಲೆ ಹಾರಬಲ್ಲ ಹುಡುಗ, ಅದೇ ಕೋಲನ್ನು ಹಿಡಿದುಕೊಂಡು ಪ್ಲಾಟ್‌ಫಾರಂ ಮೇಲೆ ದಿಕ್ಕುತೋಚದೆ ಕುಳಿತಿದ್ದನೆಂದರೆ ಏನು ಹೇಳಬೇಕು?

ಆ ಸುದ್ದಿ ಬಂದ ದಿನ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಪೇಪರ್ ಓದಿದೆ. ನಮ್ಮ ಗಳದ ನೆನಪಾತ್ರಿ" ಎಂದ. ನಾನು ಒಡನೆಯೇ ಉತ್ತರಿಸಲಾರದೆ ಹೋದೆ. ಆ ಗಳದ ಕಥೆಯಲ್ಲಿ ನನ್ನದೊಂದು ತಪ್ಪು ಇದೆ. ನಲವತ್ತು ವರ್ಷಗಳಿಂದ ಅದನ್ನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಕೊಂಡಿಲ್ಲ. ಇಂದು ಇಲ್ಲಿ ಬರೆದಿಡುತ್ತಿದ್ದೇನೆ. ಇತಿಹಾಸದ ಮೇಷ್ಟರು ಬರೆಯುವ ಬರಹವಾದ್ದರಿಂದ ನಡುನಡುವೆ ಇತಿಹಾಸವೂ ಬರುತ್ತದೆ, ಸಹಿಸಿಕೊಳ್ಳಿ.

ಎಂಬತ್ತರ ದಶಕದ ಆರಂಭ. ನಾನಾಗ ಮಸ್ಕಿಯಲ್ಲಿದ್ದೆ. ಇಂದು ಮಸ್ಕಿ ತಾನೇ ಒಂದು ತಾಲ್ಲೂಕು ಕೇಂದ್ರ. ಅಂದು ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರು. ವಾಯವ್ಯಕ್ಕೆ ಹೋದರೆ ಲಿಂಗಸುಗೂರು, ಆಗ್ನೇಯಕ್ಕೆ ಹೋದರೆ ಸಿಂಧನೂರು. ಎರಡರ ನಡುದಾರಿಯಲ್ಲಿ ನಮ್ಮ ಮಸ್ಕಿ. ಲಿಂಗಸುಗೂರಿನ ಕಡೆ ಹಟ್ಟಿಯ ಚಿನ್ನದ ಗಣಿ, ಬಿಳಿಜೋಳದ ಹೊಲಗಳು. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ, ಅಕ್ಕಿ ಗಿರಣಿಗಳ ಸಾಲು. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎರಡು ಲೋಕಗಳು. ನಮ್ಮ ಶಾಲೆಯ ಆಟದ ಸಾಮಾನುಗಳು ಈ ರಸ್ತೆಯ ಮೇಲೆ ವರ್ಷಕ್ಕೆ ಮೂರು ನಾಲ್ಕು ಬಾರಿ ಪಯಣಿಸುತ್ತಿದ್ದವು, ಅದೂ ಬಸ್ಸಿನ ನೆತ್ತಿಯ ಮೇಲೆ.

ಮಸ್ಕಿ ಎಂದೊಡನೆ ನಿಮಗೆ ನಾನು ಪಾಠ ಮಾಡಿದ ಬಂಡೆ ನೆನಪಾಗಬೇಕು. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನದ ಜಾಡು ಹುಡುಕುತ್ತ ಬಂದು ಅಲ್ಲಿ ಅಶೋಕನ ಶಾಸನವನ್ನು ಕಂಡ. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ "ದೇವಾನಾಂಪ್ರಿಯ"ನೆಂಬ ಬಿರುದು ಮಾತ್ರ ಇತ್ತು. ಅರಸನ ಸ್ವಂತ ಶಾಸನದಲ್ಲಿ ಅಶೋಕನೆಂಬ ಹೆಸರು ಮೊದಲು ಓದಿಗೆ ಸಿಕ್ಕಿದ್ದು ನಮ್ಮೂರಿನಲ್ಲಿ. ತರಗತಿಯಲ್ಲಿ ನಾನು ಆಗಾಗ ಹೇಳುತ್ತಿದ್ದೆ: ಅರಸ ತನ್ನ ಮಾತು ಉಳಿಯಲೆಂದು ಬಂಡೆಯನ್ನೇ ಆರಿಸಿಕೊಂಡ, ಬಂಡೆ ಎಲ್ಲಿಗೂ ಹೋಗುವುದಿಲ್ಲ, ಆದ್ದರಿಂದ ಅದಕ್ಕೆ ಪೆಟ್ಟಿಗೆ ಬೇಕಿಲ್ಲ. ಊರಿಂದೂರಿಗೆ ಹೋಗುವ ವಸ್ತುವಿನ ಪಾಡು ಬೇರೆ. ಅದನ್ನು ಜೋಪಾನ ಮಾಡಿ ಒಯ್ಯುವವರು ಬೇಕು. ಈ ಮಾತನ್ನು ಹುಡುಗರಿಗೆ ಹೇಳಿದ ನಾನೇ ಅದನ್ನು ಮರೆತದ್ದು ಈ ಕಥೆ.

ನಮ್ಮ ಶಾಲೆಗೆ ಆ ಕಾಲದಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಿರಲಿಲ್ಲ. ಹುದ್ದೆ ಖಾಲಿ ಇತ್ತು. ವಯಸ್ಸಿನಲ್ಲಿ ಕಿರಿಯನೆಂದು ಆ ಹೊಣೆ ನನ್ನ ಹೆಗಲಿಗೆ ಬಿತ್ತು. ಕೋಣೆಯ ಮೂಲೆಯಲ್ಲಿ ಒಂದು ತಗಡಿನ ಟ್ರಂಕು. ಅದರೊಳಗೆ ಕಬ್ಬಿಣದ ಗುಂಡು, ಮರದ ಚಕ್ರ, ವಾಲಿಬಾಲು, ಬಲೆ, ಗಾಳಿ ಹೊಡೆಯುವ ಪಂಪು. ಗೋಡೆಗೆ ಒರಗಿಸಿದ ಎರಡು ಜಾವೆಲಿನ್. ಅವುಗಳ ಪಕ್ಕದಲ್ಲಿ, ಮಾಡಿಗೆ ತಾಗುವಂತೆ ನಿಂತ ಒಂದು ಬಿದಿರ ಗಳ.

ಈ ಗಳದ ವಂಶಾವಳಿ ದೊಡ್ಡದು. ಕೋಲೂರಿ ಹಾರುವುದು ಮೊದಲಿಗೆ ಆಟವೇ ಆಗಿರಲಿಲ್ಲ. ಹಳ್ಳ ಕಾಲುವೆ ದಾಟುವ ಉಪಾಯವಾಗಿತ್ತು. ಹಾಲೆಂಡಿನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಕೋಲಿನ ನೆರವಿನಿಂದ ಕಾಲುವೆ ಹಾರುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಎತ್ತರಕ್ಕೆ ಹಾರುವುದು ಪಂದ್ಯವಾಗಿ, 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಅಮೆರಿಕದ ವಿಲಿಯಂ ಹೋಯ್ಟ್ 3.30 ಮೀಟರ್ ಹಾರಿ ಗೆದ್ದ. ಆಗಿನದು ಗಟ್ಟಿ ಮರದ ಭಾರವಾದ ಕೋಲು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿದಿರು ಬಂದಿತು. ಒಳಗೆ ಟೊಳ್ಳು, ಹೊರಗೆ ಗಟ್ಟಿ, ನಡುನಡುವೆ ಗೆಣ್ಣಿನ ಬಿಗಿ. ಹಗುರವೂ ಹೌದು, ತುಸು ಬಾಗುವಂಥದೂ ಹೌದು. ಮುಂದಿನ ನಾಲ್ಕು ದಶಕಗಳ ಕಾಲ ಜಗತ್ತಿನ ಎತ್ತರದ ಹಾರಾಟಗಳೆಲ್ಲ ನಮ್ಮ ಮೇದಾರರ ಮನೆಯಂಗಳದಲ್ಲಿ ಬಿದ್ದಿರುವ ಈ ಹುಲ್ಲಿನ ಜಾತಿಯ ಗಿಡವನ್ನೇ ನಂಬಿದ್ದವು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಜಪಾನಿನ ನಿಶಿದಾ ಮತ್ತು ಓಎ ಇಬ್ಬರೂ 4.25 ಮೀಟರ್ ಹಾರಿ ಎರಡನೆಯ, ಮೂರನೆಯ ಸ್ಥಾನ ಪಡೆದರು. ತಾಯ್ನಾಡಿಗೆ ಮರಳಿ ತಮ್ಮ ಬೆಳ್ಳಿ, ಕಂಚಿನ ಪದಕಗಳನ್ನು ತಲಾ ಅರ್ಧಕ್ಕೆ ಕತ್ತರಿಸಿ ಬೆಸೆಸಿಕೊಂಡ ಗೆಳೆಯರು ಅವರು. 1940ರಲ್ಲಿ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ ಬಿದಿರ ಕೋಲಿನಿಂದಲೇ ಮೊದಲ ಬಾರಿಗೆ ಹದಿನೈದು ಅಡಿಯ ಎತ್ತರವನ್ನು ದಾಟಿದ. ಎರಡು ವರ್ಷಗಳ ಅನಂತರ ಆತ ಬರೆದ 4.77 ಮೀಟರ್ ದಾಖಲೆ 1957ರವರೆಗೆ ಅಳಿಯಲಿಲ್ಲ. ಆಮೇಲೆ ಲೋಹ ಬಂದಿತು, ಅದರ ಹಿಂದೆಯೇ ಗಾಜುನಾರಿನ ಕೋಲು ಬಂದಿತು. ಬಿದಿರು ಮೂಲೆಗೆ ಸರಿಯಿತು. ಸರಿದು ಎಲ್ಲಿ ನಿಂತಿತೆಂದರೆ, ನಮ್ಮಂಥ ಶಾಲೆಗಳ ಕೋಣೆಯ ಮೂಲೆಯಲ್ಲಿ.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗನೊಬ್ಬನಿಗೆ ಈ ಗಳದ ಹುಚ್ಚು ಹಿಡಿಯಿತು. ಹೆಸರು ಬರೆಯುವುದಿಲ್ಲ. ಫೋನು ಮಾಡಿದವನು ಅವನೇ, ಇದನ್ನು ಓದುತ್ತಲೂ ಇರುತ್ತಾನೆ. ಶಾಲೆಯ ಹಳೆಯ ಗಳ ಅವನ ಭಾರಕ್ಕೆ ದಪ್ಪವಾಯಿತು. ಇಬ್ಬರೂ ಕೂಡಿ ಮೇದಾರರ ಮನೆಗೆ ಹೋಗಿ ಹೊಸದೊಂದನ್ನು ಆರಿಸಿದೆವು. ಆ ಮನೆಯ ಹಿರಿಯರು ಒಂದೊಂದೇ ಗಳವನ್ನು ಎತ್ತಿ, ಗೆಣ್ಣಿನ ಬಳಿ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳುತ್ತಿದ್ದರು. ಸಣ್ಣ ಸೀಳಿದ್ದರೂ ಅದರ ದನಿ ಒಡಕಾಗಿರುತ್ತದಂತೆ. ಐದಾರನ್ನು ಪಕ್ಕಕ್ಕಿಟ್ಟು ಕೊನೆಗೊಂದನ್ನು ಕೊಟ್ಟರು. ಹನ್ನೆರಡು ಅಡಿಗೆ ತುಸು ಕಡಿಮೆ, ಅಂದರೆ 3.6 ಮೀಟರ್ ಉದ್ದ. "ಬಿಸಲಿಗೆ ಇಡಬ್ಯಾಡ್ರಿ, ಮ್ಯಾಲೆ ಭಾರ ಹೇರಬ್ಯಾಡ್ರಿ" ಎಂದು ಎರಡೇ ಮಾತು ಹೇಳಿ ಕಳಿಸಿದರು.

ನಮ್ಮ ಸೀಮೆಯ ಬಿಸಿಲನ್ನು ಬಲ್ಲವರಿಗೆ ಮೊದಲ ಮಾತು ಅರ್ಥವಾಗುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಒಣ ಹವೆಯಲ್ಲಿ ಬಿದಿರಿನ ತೇವ ಆರಿ, ನಾರಿನ ಉದ್ದಕ್ಕೂ ಬಿರುಕು ಬಿಡುತ್ತದೆ. ಹುಡುಗ ಗೆಣ್ಣುಗಳ ನಡುವೆ ಹತ್ತಿಯ ಲಾಡಿಯನ್ನು ಬಿಗಿಯಾಗಿ ಸುತ್ತಿದ. ಹಿಡಿಯುವ ಜಾಗಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಮಸ್ಕಿ ಹಳ್ಳದಿಂದ ಮರಳು ತಂದು ಹೊಂಡ ತುಂಬಿದ್ದೆವು. ಬೆಳಿಗ್ಗೆ ಆರಕ್ಕೆ ಅವನು ಅಲ್ಲಿರುತ್ತಿದ್ದ. ಏಳೆಂಟು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಯಾವ ಗೆಣ್ಣಿನ ಮೇಲೆ ಎಡಗೈ, ಯಾವುದರ ಮೇಲೆ ಬಲಗೈ, ಎಷ್ಟು ಹೆಜ್ಜೆಯ ಓಟ, ಎಲ್ಲವೂ ಅವನಿಗೆ ಆ ಒಂದೇ ಗಳದ ಲೆಕ್ಕದಲ್ಲಿ ಕೂಡಿಬಂದಿತ್ತು. ಗಳ ಬದಲಾದರೆ ಲೆಕ್ಕವೂ ತಪ್ಪುತ್ತದೆ. ಕೋಲೂರಿ ಹಾರುವವನಿಗೆ ಕೋಲು ಎಂಬುದು ಓಡುವವನಿಗೆ ಕಾಲಿದ್ದಂತೆ.

ಲಿಂಗಸುಗೂರಿನ ತಾಲ್ಲೂಕು ಕೂಟದಲ್ಲಿ ಹುಡುಗ ಮೊದಲನೆಯವನಾದ. ಮುಂದಿನ ಕೂಟ ಸಿಂಧನೂರಿನಲ್ಲಿ. ಹೊರಡುವ ದಿನ ಬಸ್ಸು ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತು. ಹುಡುಗ ಎಲ್ಲಿಂದಲೋ ನಾಲ್ಕು ಗೋಣಿತಟ್ಟುಗಳನ್ನು ತಂದಿದ್ದ. "ಸರ್, ತಟ್ಟು ಸುತ್ತಿ ಕಟ್ಟಮೇನ್ರಿ?" ಎಂದು ಕೇಳಿದ. ನನಗೆ ಹದಿನಾಲ್ಕು ಮಕ್ಕಳನ್ನು ಎಣಿಸಿ ಹತ್ತಿಸುವ ಅವಸರ. "ಬಿದಿರಿಗೆ ಏನಾಗ್ತದೋ? ಹಾಗೇ ಮೇಲೆ ಹಾಕು" ಎಂದುಬಿಟ್ಟೆ. ಅವನು ಹಿಂಜರಿಯುತ್ತಲೇ ಏಣಿ ಹತ್ತಿ, ಕಂಬಿಗೆ ಗಳವನ್ನು ಕಟ್ಟಿ ಇಳಿದ. ದಾರಿಯಲ್ಲಿ ಬಸ್ಸು ನಿಂತಲ್ಲೆಲ್ಲ ಜನ ತಮ್ಮ ಸಾಮಾನು ಮೇಲೇರಿಸಿದರು: ಜೋಳದ ಚೀಲ, ಒಂದು ಸೈಕಲ್ಲು, ಕಬ್ಬಿಣದ ಕುಂಟೆ. ಅವರದೇನೂ ತಪ್ಪಿಲ್ಲ. ಕಂಬಿಗೆ ಕಟ್ಟಿದ ಬಿದಿರ ಗಳವನ್ನು ನೋಡಿದವರು ಅದನ್ನು ಬಿದಿರ ಗಳವೆಂದೇ ತಿಳಿಯುತ್ತಾರೆ. ಅದು ಒಬ್ಬ ಹುಡುಗನ ಏಳೆಂಟು ತಿಂಗಳೆಂದು ತಿಳಿಯಲು ಅದರ ಮೇಲೆ ಯಾವ ಗುರುತೂ ಇರಲಿಲ್ಲ. ಸುತ್ತಿ ಕಟ್ಟಿದ್ದರೆ, ಒಳಗೇನೋ ಜೋಪಾನದ ವಸ್ತು ಇದೆಯೆಂದು ಯಾರಾದರೂ ತಮ್ಮ ಚೀಲವನ್ನು ಒಂದು ಮೊಳ ಪಕ್ಕಕ್ಕೆ ಇಡುತ್ತಿದ್ದರು.

ಸಿಂಧನೂರಿನಲ್ಲಿ ಇಳಿಸಿದಾಗ ಗಳ ನೆಟ್ಟಗೇ ಇತ್ತು. ಲಾಡಿಯ ಸುತ್ತು ಒಂದೆಡೆ ತುಸು ಸಡಿಲಿದಂತಿತ್ತು, ಅಷ್ಟೆ. ಬಡಿದು ನೋಡಲು ನನಗೆ ತೋಚಲಿಲ್ಲ. ಮೈದಾನದಲ್ಲಿ ಅಭ್ಯಾಸದ ಎರಡನೆಯ ಹಾರಾಟ. ಹುಡುಗ ಓಡಿ ಬಂದು ಗಳವನ್ನು ಊರಿದ, ಮೈ ಮೇಲೆದ್ದಿತು. ಒಣಗಿದ ತೊಗರಿ ಕಟ್ಟಿಗೆ ಮುರಿದಂತೆ ಒಂದು ಸದ್ದು. ಎರಡು ಗೆಣ್ಣುಗಳ ನಡುವೆ ಗಳ ಉದ್ದಕ್ಕೆ ಸೀಳಿಕೊಂಡಿತ್ತು. ಅವನು ಅರ್ಧ ಮರಳಿನಲ್ಲಿ, ಅರ್ಧ ಹೊಂಡದ ಅಂಚಿನ ಗಟ್ಟಿ ನೆಲದ ಮೇಲೆ ಬಿದ್ದ. ನಾನು ಓಡಿಹೋಗಿ ಎತ್ತಿದೆ. ಮಣಿಕಟ್ಟು ಊದಿಕೊಳ್ಳುತ್ತಿತ್ತು, ಅಂಗೈ ತರಚಿತ್ತು. ಸೀಳು ಬಿದಿರಿನ ಅಂಚು ಕತ್ತಿಯಂತಿರುತ್ತದೆ. ಇನ್ನೊಂದು ಗೇಣು ಈಚೆಗೆ ಬಿದ್ದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ನನ್ನ ಮೈ ನಡುಗುತ್ತದೆ. ಅವನು ಮಾತ್ರ, "ನನಗೇನೂ ಆಗಿಲ್ರಿ ಸರ್, ಗಳ ನೋಡ್ರಿ, ಗಳ ಸೀಳೈತ್ರಿ" ಎಂದು ಅಳುತ್ತಿದ್ದ.

ಬೇರೊಂದು ಶಾಲೆಯವರು ತಮ್ಮ ಗಳವನ್ನು ಕೊಡಲು ಮುಂದೆ ಬಂದರು. ಅವರ ಉಪಕಾರ ದೊಡ್ಡದು. ಕೈ ನೋಯುತ್ತಿದ್ದರೂ ಅವನು ಹಟ ಮಾಡಿ ಅದರಲ್ಲಿ ಹಾರಿದ. ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಗೆಣ್ಣಿನ ಲೆಕ್ಕ ಬೇರೆ, ಭಾರ ಬೇರೆ. ಮೊದಲ ಎತ್ತರವನ್ನು ಹೇಗೋ ದಾಟಿದ, ಎರಡನೆಯದರಲ್ಲಿ ಮೂರು ಸಲವೂ ತಪ್ಪಿದ. ಮರಳಿ ಬರುವಾಗ ಸೀಳಿದ ಗಳವನ್ನು ಅಲ್ಲಿಯೇ ಬಿಟ್ಟುಬರಲು ಅವನು ಒಪ್ಪಲಿಲ್ಲ. ತಾನು ತಂದಿದ್ದ ನಾಲ್ಕು ತಟ್ಟುಗಳನ್ನು ಆಗ ಸುತ್ತಿದ. ನನ್ನತ್ತ ನೋಡಲಿಲ್ಲ. ಒಂದು ಮಾತೂ ಆಡಲಿಲ್ಲ. ಆ ಮೌನದಷ್ಟು ದೊಡ್ಡ ಶಿಕ್ಷೆಯನ್ನು ನನಗೆ ಯಾರೂ ಕೊಟ್ಟಿಲ್ಲ.

ಅಂದಿನಿಂದ ನನಗೆ ಈ ಪೆಟ್ಟಿಗೆ, ಹೊದಿಕೆ, ಕವಚಗಳ ಬಗ್ಗೆ ಒಂದು ಬಗೆಯ ಆಸಕ್ತಿ ಹುಟ್ಟಿತು. ಹುಡುಕಿ ಓದತೊಡಗಿದೆ. ನಮ್ಮ ಲಿಂಗಸುಗೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಪಡೆಯ ಛಾವಣಿ ಇತ್ತೆಂಬುದು ನಿಮಗೆ ಗೊತ್ತು. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ಬೇಟೆಯ ಬಂದೂಕಿನ ನಳಿಗೆಯನ್ನೂ ಹಿಡಿಯನ್ನೂ ಬೇರೆ ಮಾಡಿ, ಒಳಗೆ ಬನಾತು ಹೊದಿಸಿದ ಮರದ ಇಲ್ಲವೆ ಚರ್ಮದ ಪೆಟ್ಟಿಗೆಯಲ್ಲಿ, ಆಯಾ ಭಾಗದ ಆಕಾರಕ್ಕೆ ಕೊರೆದ ಗೂಡುಗಳಲ್ಲಿಟ್ಟು ಒಯ್ಯುತ್ತಿದ್ದರು. ಟೆನಿಸ್ ಅಂತೂ ಪೆಟ್ಟಿಗೆಯಲ್ಲಿಯೇ ಹುಟ್ಟಿತೆಂದರೂ ತಪ್ಪಾಗದು. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬಾತ ಈ ಆಟಕ್ಕೆ ಹಕ್ಕುಪತ್ರ ಪಡೆದು, ಬ್ಯಾಟು, ಚೆಂಡು, ಬಲೆ, ಗೂಟಗಳನ್ನೂ ನಿಯಮಗಳ ಪುಸ್ತಿಕೆಯನ್ನೂ ಒಂದು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಮಾರಿದ. ಎತ್ತಿಕೊಂಡು ಹೋಗಲು ಬರುತ್ತಿದ್ದುದರಿಂದಲೇ ಆ ಆಟ ಹಡಗು ಹತ್ತಿ ಬೇಗ ಬೇಗ ದೇಶ ದೇಶಗಳಿಗೆ ಹಬ್ಬಿತು. ಮರದ ಟೆನಿಸ್ ಬ್ಯಾಟುಗಳಿದ್ದ ಕಾಲದಲ್ಲಿ ಅವುಗಳಿಗೆ ನಾಲ್ಕು ತಿರುಪುಗಳ ಒಂದು ಮರದ ಚೌಕಟ್ಟನ್ನು ಬಿಗಿಯುತ್ತಿದ್ದುದನ್ನು ಹಿರಿಯರು ನೋಡಿರುತ್ತೀರಿ. ತೇವದ ಹವೆಗೆ ಮರ ತಿರುಚಿಕೊಳ್ಳದಿರಲೆಂದು ಆ ಏರ್ಪಾಡು. ಒಂದೊಂದು ಸಾಮಾನಿಗೂ ಒಂದೊಂದು ಬಗೆಯ ಶತ್ರು ಇರುತ್ತದೆ. ಕೆಲವಕ್ಕೆ ತೇವ, ಕೆಲವಕ್ಕೆ ಒಣಬಿಸಿಲು, ಕೆಲವಕ್ಕೆ ಮೇಲಿನ ಭಾರ, ಕೆಲವಕ್ಕೆ ಪಕ್ಕದ ಸಾಮಾನೇ. ಶತ್ರು ಯಾರೆಂದು ತಿಳಿದ ಮೇಲೆ ಕವಚ ಹೇಗಿರಬೇಕೆಂಬುದು ತಾನಾಗಿ ತಿಳಿಯುತ್ತದೆ.

ನಮ್ಮ ಕವಚದ ಉಪಾಯ ಹೊಳೆದದ್ದು ಪುಸ್ತಕದಿಂದಲ್ಲ. ತರಗತಿಯಲ್ಲಿದ್ದ ಇನ್ನೊಬ್ಬ ಹುಡುಗನ ತಂದೆ ಹಟ್ಟಿಯ ಗಣಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ನೆಲದಾಳಕ್ಕೆ ರಂಧ್ರ ಕೊರೆದು, ಕೋಲಿನಂಥ ಉದ್ದನೆಯ ಕಲ್ಲಿನ ತುಂಡುಗಳನ್ನು ಪರೀಕ್ಷೆಗೆ ಮೇಲೆ ತರುತ್ತಾರೆ. ಅವು ಒಂದಕ್ಕೊಂದು ತಾಗದಂತೆ, ಸಾಲು ತಪ್ಪದಂತೆ, ಉದ್ದುದ್ದ ಗೂಡುಗಳಿರುವ ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಾರೆ. ಆ ಹುಡುಗ ಇದನ್ನು ವರ್ಣಿಸಿ, "ಕಲ್ಲಿಗೇ ಅಷ್ಟು ಮಾಡ್ತಾರ್ರಿ ಸರ್" ಎಂದ. ನಾನು ತಲೆ ತಗ್ಗಿಸಿದೆ. ಗಳಕ್ಕೂ ಒಂದು ಗೂಡು ಬೇಕೆಂದು ತೀರ್ಮಾನಿಸಿದೆವು. ಮರದ ಪೆಟ್ಟಿಗೆ ಮಾಡಿಸಿದರೆ ಭಾರವಾಗುತ್ತದೆ, ದುಡ್ಡೂ ಇಲ್ಲ. ಆಗ ನೆರವಿಗೆ ಬಂದದ್ದು ಸಿಂಧನೂರಿನ ನೀರಾವರಿ. ಹುಡುಗರೊಬ್ಬರ ಸೋದರಮಾವ ಆ ಕಡೆಯ ರೈತರು. ಹೊಲಕ್ಕೆ ನೀರು ಹಾಯಿಸಲು ತಂದು ಉಳಿದಿದ್ದ ಒಂದು ಪಿ.ವಿ.ಸಿ. ಪೈಪನ್ನು ಉಚಿತವಾಗಿ ಕೊಟ್ಟರು.

ಪೈಪಿನ ಉದ್ದ ಆರು ಮೀಟರ್. ನಮ್ಮ ಹೊಸ ಗಳವೂ ಮೊದಲಿನಂತೆಯೇ 3.6 ಮೀಟರ್. 3.65ಕ್ಕೆ ಕೊಯ್ದೆವು, 2.35 ಉಳಿಯಿತು. ಹುಡುಗಿಯರ ಜಾವೆಲಿನ್ನಿನ ಉದ್ದ 2.20ರಿಂದ 2.30 ಮೀಟರ್! ಒಂದೇ ಪೈಪಿನಲ್ಲಿ ಎರಡು ಕವಚ. ಗಣಿತದ ಮೇಷ್ಟರು ಇದನ್ನು ಆ ವಾರವೆಲ್ಲ ತರಗತಿಯಲ್ಲಿ ಲೆಕ್ಕವಾಗಿ ಕೊಟ್ಟರು. ಒಂದು ತುದಿಗೆ ಮುಚ್ಚಳ, ಇನ್ನೊಂದಕ್ಕೆ ಬಡಿಗೇರರು ಕೆತ್ತಿಕೊಟ್ಟ ಮರದ ಬಿರಡೆ. ಒಳಗೆ ಗಳ ಅಲುಗಾಡದಂತೆ ಮೂರು ಕಡೆ ಹಳೆಯ ಕಂಬಳಿಯ ಸುತ್ತು. ಮೊದಲ ತಿಂಗಳಲ್ಲೇ ಒಂದು ಪಾಠ ಕಲಿತೆವು: ತೇವದ ಗಳವನ್ನು ಒಳಗಿಟ್ಟು ಬಿಗಿಯಾಗಿ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಕಾಯಿಸಿದ ಮೊಳೆಯಿಂದ ಪೈಪಿನ ಉದ್ದಕ್ಕೂ ಗಾಳಿಯಾಡಲು ಸಣ್ಣ ತೂತುಗಳನ್ನು ಮಾಡಿದೆವು. ಇನ್ನೊಂದು ಪಾಠವೂ ಆಯಿತು: ಬಿಸಿಲಿನಲ್ಲಿ ಪೈಪು ಒಲೆಯಂತೆ ಕಾಯುತ್ತದೆ, ಆದ್ದರಿಂದ ಅದರ ಮೇಲೊಂದು ತಟ್ಟಿನ ಹೊದಿಕೆ. ತಟ್ಟನ್ನು ಹೊಲಿದವನು ನಮ್ಮ ಹುಡುಗನೇ. ಅವೇ ನಾಲ್ಕು ತಟ್ಟುಗಳು.

ಟ್ರಂಕಿನೊಳಗೂ ಸುಧಾರಣೆ ನಡೆಯಿತು. ಅದುವರೆಗೆ ಕಬ್ಬಿಣದ ಗುಂಡು ಟ್ರಂಕಿನಲ್ಲಿ ಸ್ವೇಚ್ಛೆಯಾಗಿ ಉರುಳಾಡುತ್ತಿತ್ತು. ಬಸ್ಸು ಕುಲುಕಿದಾಗಲೆಲ್ಲ ಚಕ್ರದ ಮರಕ್ಕೆ ಗುದ್ದಿ ಅಂಚು ಸಡಿಲಿಸುತ್ತಿತ್ತು, ಪಂಪಿನ ಸೂಜಿ ಬಾಗಿಸುತ್ತಿತ್ತು. ಇದಕ್ಕೆ ಮದ್ದು ಹೇಳಿದ್ದು ಒಬ್ಬ ಹುಡುಗಿ. ಕೊಡ ಹೊರುವಾಗ ತಲೆಯ ಮೇಲಿಡುವ ಬಟ್ಟೆಯ ಸಿಂಬಿಯನ್ನು ಮನೆಯಿಂದ ತಂದು, ಟ್ರಂಕಿನ ಮೂಲೆಯಲ್ಲಿಟ್ಟು, ಅದರ ಮೇಲೆ ಗುಂಡನ್ನು ಕೂರಿಸಿ, ಮೇಲೊಂದು ಸಿಂಬಿ ಕವುಚಿ ಹಗ್ಗದಿಂದ ಕಟ್ಟಿದಳು. ಗುಂಡು ಮತ್ತೆ ಉರುಳಲಿಲ್ಲ. ತುಂಬಿದ ಕೊಡವನ್ನು ತುಳುಕದಂತೆ ಒಯ್ಯುವವರ ಜಾಣ್ಮೆ ಅದು. ನಾವು ಮೇಷ್ಟರುಗಳು ಅದನ್ನು ದಿನವೂ ನೋಡಿಯೂ ಕಂಡಿರಲಿಲ್ಲ.

ಮರುವರ್ಷ ಅದೇ ರಸ್ತೆ, ಅಂಥದೇ ಬಸ್ಸು, ಅದೇ ಸಿಂಧನೂರು. ಪೈಪನ್ನು ಕಟ್ಟಲು ನಾನೇ ಮೇಲೆ ಹತ್ತಿದೆ. ಬಿಳಿಯ ಬಣ್ಣದಲ್ಲಿ "ಶಾಲೆಯ ಆಟದ ಸಾಮಾನು, ಭಾರ ಇಡಬೇಡಿ" ಎಂದು ತಟ್ಟಿನ ಮೇಲೆ ದೊಡ್ಡದಾಗಿ ಬರೆಸಿದ್ದೆವು. ದಾರಿಯಲ್ಲಿ ಚೀಲ ಹೊತ್ತು ಬಂದವರೊಬ್ಬರು ಏಣಿಯ ಮೇಲೆ ನಿಂತು ಅದನ್ನು ಅಕ್ಷರ ಕೂಡಿಸಿ ಓದಿ, ಚೀಲವನ್ನು ಆಚೆಗೆ ಸರಿಸಿದ್ದನ್ನು ನನ್ನ ಕಣ್ಣಾರೆ ಕಂಡೆ. ಮೈದಾನದಲ್ಲಿ ಬಿರಡೆ ತೆಗೆದು, ಗಳವನ್ನು ಈಚೆಗೆಳೆದು, ಹುಡುಗ ಮೊದಲು ಮಾಡಿದ ಕೆಲಸ ಗೆಣ್ಣಿಗೊಮ್ಮೆ ಬಡಿದು ಕಿವಿಗೊಟ್ಟದ್ದು. ಆಮೇಲೆ ಅದನ್ನು ನನ್ನ ಕಡೆ ಚಾಚಿ, "ನೀವೂ ಕೇಳ್ರಿ ಸರ್" ಎಂದ. ಒಂದು ವರ್ಷದ ಮೌನ ಅಂದು ಮುಗಿಯಿತು. ಆ ದಿನ ಅವನು ಮೊದಲನೆಯವನಾಗಲಿಲ್ಲ, ಮೂರನೆಯವನಾದ. ಗಳದ ಕಾರಣಕ್ಕೆ ಸೋಲಲಿಲ್ಲವೆಂಬುದೇ ನನಗೆ ದೊಡ್ಡ ಸಮಾಧಾನ.

ಈಗಿನ ಕೋಲುಗಳು ಬಿದಿರಿನವಲ್ಲ. ಗಾಜುನಾರು, ಇಂಗಾಲದ ನಾರಿನವು. ಅವುಗಳ ನೆರವಿನಿಂದಲೇ ಸ್ವೀಡನ್ನಿನ ಅರ್ಮಾಂಡ್ ಡುಪ್ಲಾಂಟಿಸ್ 2025ರ ಸೆಪ್ಟೆಂಬರಿನಲ್ಲಿ ಟೋಕಿಯೊದಲ್ಲಿ 6.30 ಮೀಟರ್ ಹಾರಿದ. ಅವು ಬಿದಿರಿಗಿಂತ ಬಲಶಾಲಿ ನಿಜ, ಆದರೆ ಮೇಲ್ಮೈಯಲ್ಲಿ ಒಂದು ಗೀರು ಬಿದ್ದರೆ, ಧನುಸ್ಸಿನಂತೆ ಬಾಗುವ ಹೊತ್ತಿಗೆ ಅಲ್ಲಿಂದಲೇ ಮುರಿಯಬಹುದು. ಬಂದೂಕಿನಂತೆ ಬಿಡಿಭಾಗಗಳಾಗಿ ಕಳಚಲೂ ಬರುವುದಿಲ್ಲ. ಮೇಲಾಗಿ ಒಂದು ಕೋಲಿನಿಂದ ಕೆಲಸ ನಡೆಯದು. ಗಾಳಿ, ಎತ್ತರ, ಮೈಯ ಕಸುವಿಗೆ ತಕ್ಕಂತೆ ಹಲವು ಕೋಲುಗಳನ್ನು ಒಯ್ಯಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನ ಅಂತಿಮ ಪಂದ್ಯದ ನಡುವೆ ಬ್ರೆಜಿಲಿನ ಫಬಿಯಾನಾ ಮುರೇರ್ ತನ್ನ ಕೋಲುಗಳಲ್ಲಿ ಒಂದು ಕಾಣೆಯಾಗಿರುವುದನ್ನು ಕಂಡು ಮೈದಾನದ ತುಂಬ ಹುಡುಕಾಡಿದಳು. ಮನಸ್ಸು ಕದಡಿ ಅಂದು ಸೋತಳು. ಆದರೆ 2011ರಲ್ಲಿ ಕೊರಿಯಾದ ಡೇಗುವಿನಲ್ಲಿ ವಿಶ್ವ ಚಾಂಪಿಯನ್ ಆದಳು. ಒಲಿಂಪಿಕ್ಸಿನಲ್ಲಿಯೂ ಸಿಂಧನೂರಿನಲ್ಲಿಯೂ ನಡೆದದ್ದು ಒಂದೇ: ಹುಡುಗರು ವರ್ಷಗಟ್ಟಲೆ ಬೆವರು ಸುರಿಸುತ್ತಾರೆ, ದೊಡ್ಡವರು ಸಾಮಾನನ್ನು ಹೊತ್ತು ತರುವಲ್ಲಿ ಮೈಮರೆಯುತ್ತಾರೆ.

2024ರಲ್ಲಿ ಸಿಂಧನೂರಿಗೆ ರೈಲು ಬಂದಿತು. ತಲೆಮಾರುಗಳಿಂದ ಕಾದಿದ್ದ ರೈಲು. ಮೊದಲ ಗಾಡಿಯ ಚಿತ್ರವನ್ನು ನಿಮ್ಮಲ್ಲೇ ಒಬ್ಬರು ಕಳಿಸಿದ್ದಿರಿ. ನಾಳೆ ಮಸ್ಕಿಯದೋ ಲಿಂಗಸುಗೂರಿನದೋ ಒಬ್ಬ ಹುಡುಗ, ಒಬ್ಬ ಹುಡುಗಿ, ನಾಲ್ಕೂವರೆ ಮೀಟರಿನ ಕೋಲು ಹೊತ್ತು ಆ ನಿಲ್ದಾಣದಲ್ಲಿ ನಿಂತಾಗ ಏನು ಮಾಡುತ್ತೇವೆ? ನಿಯಮ ಬೇಡವೆಂದು ನಾನು ಹೇಳಲಾರೆ. ಇತರ ಪ್ರಯಾಣಿಕರ ಸುರಕ್ಷತೆಯೂ ಮುಖ್ಯ. ಆದರೆ ಉದ್ದನೆಯ ಸಾಮಾನಿಗೆ ಗಾಡಿಯಲ್ಲೊಂದು ಜಾಗವನ್ನು ಮೊದಲೇ ಕಾದಿರಿಸಿ, ಅದಕ್ಕೊಂದು ಚೀಟಿ ಕೊಟ್ಟು, ಹುಡುಗರನ್ನು ನಿಶ್ಚಿಂತೆಯಿಂದ ಕೂರಿಸುವುದು ಅಸಾಧ್ಯದ ಕೆಲಸವೇನಲ್ಲ. ನಿಮ್ಮಲ್ಲಿ ಕೆಲವರು ಸರ್ಕಾರಿ ಕಚೇರಿಗಳಲ್ಲಿದ್ದೀರಿ, ಕೆಲವರು ಶಾಲೆಗಳಲ್ಲಿ ಮೇಷ್ಟರಾಗಿದ್ದೀರಿ. ಅಂಥ ಹುಡುಗರು ನಿಮ್ಮ ಮುಂದೆ ಬಂದು ನಿಂತಾಗ ಅವಸರ ಮಾಡಬೇಡಿ. ನನ್ನ ಆ ಒಂದು ನಿಮಿಷದ ಅವಸರದ ಬೆಲೆಯನ್ನು ಬೇರೊಬ್ಬ ತೆತ್ತ.

ಫೋನು ಮಾಡಿದ್ದೆನೆಂದೆನಲ್ಲ, ಅಲ್ಲ, ಅವನು ಮಾಡಿದ್ದನೆಂದೆನಲ್ಲ, ಅಂದು ಕೊನೆಗೆ ನಾನು ಕೇಳಿದೆ: "ಆ ಗಳ ಏನಾಯಿತಪ್ಪಾ?" ಸೀಳಿದ ಗಳವನ್ನು ಅವರ ತಾಯಿ ಎರಡು ತುಂಡು ಮಾಡಿ ಬಹಳ ವರ್ಷ ಬಟ್ಟೆ ಒಣಹಾಕಲು ಬಳಸಿದರಂತೆ. ಪೈಪು ಮಾತ್ರ ಅವನ ಹೊಲದ ಮನೆಯಲ್ಲಿ ಇನ್ನೂ ಇದೆಯಂತೆ. ಶಾಲೆಯವರು ಹಳೆಯ ಸಾಮಾನು ಹೊರಹಾಕಿದಾಗ ಕೇಳಿ ತಂದಿಟ್ಟುಕೊಂಡನಂತೆ. ಒಳಗೇನಿದೆಯೆಂದು ಕೇಳಿದೆ. "ಏನಿಲ್ರಿ ಸರ್, ಖಾಲಿ ಐತಿ. ಮೊಮ್ಮಗ ಜಾವೆಲಿನ್ ಒಗಿಯಾಕ ಕಲಿಯಾಕತ್ಯಾನ, ಅವನಿಗೆ ಅಂತ ಇಟ್ಟೀನ್ರಿ" ಎಂದ.

ಮುಂದಿನ ಸಲ ಆ ಕಡೆ ಬಂದಾಗ ಹೊಲದ ಮನೆಗೆ ಬರುತ್ತೇನೆಂದು ಹೇಳಿದ್ದೇನೆ. ಕಂಬಳಿಯ ಸುತ್ತುಗಳನ್ನು ಹೊಸದಾಗಿ ಹಾಕಬೇಕು. ಅದನ್ನು ನನ್ನ ಕೈಯಾರೆ ಹಾಕಬೇಕೆಂದು ಆಸೆ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ದಿನಗಳ ಟ್ರಂಕು, ಸಿಂಬಿ, ತಟ್ಟುಗಳ ನೆನಪಿದ್ದರೆ ಬರೆದು ತಿಳಿಸಿ. ಸಿಂಬಿ ತಂದ ಹುಡುಗಿ ಈಗ ಎಲ್ಲಿದ್ದಾಳೆಂದು ತಿಳಿದವರು ತಪ್ಪದೆ ತಿಳಿಸಿ. ಎಲ್ಲರಿಗೂ ಒಳ್ಳೆಯದಾಗಲಿ.